ಬೀರುವಿನಲ್ಲಿಟ್ಟ ಇನ್ನೊಂದು ಪ್ಯಾಡ್

ಶೀಳನೆರೆ
28-10-2024

ಪುಟ್ಟರಾಜು,

ಕ್ಷೇಮ ಎಂದು ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿರಲಿ ಎಂದು ಹಾರೈಸುವ ಮನಸ್ಸೂ ನನಗಿಲ್ಲ.

ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದು ಬೇಕೆಂದೇ. ಫೋನಿನಲ್ಲಿ ಆಡಿದ ಮಾತನ್ನು ನಾಳೆ ಆಡೇ ಇಲ್ಲ ಎನ್ನಬಹುದು. ಹೇಳುವುದಿದ್ದರೆ ಕಾಗದದಲ್ಲಿ ಬರೆ, ಕೆಳಗೆ ಸಹಿ ಹಾಕು. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವುದಾದರೆ ನನ್ನ ಕೈಯಲ್ಲಿ ಏನಾದರೂ ಇರಬೇಕಲ್ಲ.

ನಡೆದದ್ದು ಅವರಿವರ ಬಾಯಿಂದ ನಿನಗೆ ಮುಟ್ಟಿರುತ್ತದೆ. ನನ್ನಿಂದಲೂ ಕೇಳು. ವಿಜಯದಶಮಿ ದಿನ ತನುಶ್ರೀಯನ್ನು ಹಿಂದೆ ಕೂರಿಸಿಕೊಂಡು ಅವಳ ತವರು ಬಿಂಡಿಗನವಿಲೆಗೆ ಹೊರಟೆ. ದೊಡ್ಡಪ್ಪನ ಕಾಲದ ಬುಲೆಟ್ಟು. ಶ್ರಾವಣದಲ್ಲಿ ನೀನು ಶ್ರೀರಂಗಪಟ್ಟಣದ ನಿನ್ನ ಗ್ಯಾರೇಜಿನಲ್ಲಿ ವಾರಗಟ್ಟಲೆ ಇಟ್ಟುಕೊಂಡು, ಮುಂದಿನ ಚಕ್ರದ ಹಳೇ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಕೂರಿಸಿ, ಕ್ಲಚ್ಚಿಗೂ ಬ್ರೇಕಿಗೂ ಕೇಬಲ್ ತೆಗೆದು ಆಯಿಲ್ ಪೈಪ್ ಎಳೆದು, "ಇನ್ಮೇಕೆ ಎಲ್ಡ್ ಬೆಳ್ಳಲ್ಲಿ ನಿಲ್ಸು ಕಣ್ಲಾ" ಎಂದು ಬೀಗಿ ಕಳಿಸಿದ ಗಾಡಿ. ಊರು ದಾಟಿ ಕೆರೆ ಏರಿ ಇಳಿಯುವಾಗ ಕುರಿ ಮಂದೆ ಅಡ್ಡ ಬಂತು. ಎರಡು ಬೆರಳಲ್ಲ, ಇಡೀ ಕೈಯಲ್ಲಿ ಹಿಡಿದೆ, ಕಾಲಿನ ಬ್ರೇಕನ್ನೂ ತುಳಿದೆ. ನಿಲ್ಲಲಿಲ್ಲ. ಕುರಿ ತಪ್ಪಿಸಲು ಹೋಗಿ ಹಳ್ಳಕ್ಕೆ ಬಿದ್ದೆವು. ನನಗೆ ಮಂಡಿ ತರಚಿತು, ಅಷ್ಟೇ. ತನುಶ್ರೀಯ ಕಾಲು ಗಾಡಿಯಡಿ ಸಿಕ್ಕಿ ಎರಡು ಕಡೆ ಮುರಿಯಿತು. ರಾಡ್ ಹಾಕಿದ್ದಾರೆ. ಮೊದಲಿನಂತೆ ನಡೆಯುತ್ತಾಳಾ ಎಂದು ಕೇಳಿದರೆ ಡಾಕ್ಟರು ಬೇರೆ ಮಾತು ಎತ್ತುತ್ತಾರೆ.

ಕೆ.ಆರ್. ಪೇಟೆಯ ಮೆಕ್ಯಾನಿಕ್ ಲೋಕೇಶ ಗಾಡಿ ಬಿಚ್ಚಿ ನೋಡಿದ. "ಇದು ಬ್ರೇಕ್ ಆಯಿಲ್ಲೇ ಅಲ್ಲಣ್ಣ, ಎಂತದೋ ಡೂಪ್ಲಿಕೇಟ್ ತುಂಬ್ಬುಟ್ಟವ್ನೆ" ಎಂದ.

ಏನು ತುಂಬಿದೆ? ಯಾಕೆ ತುಂಬಿದೆ? ಉತ್ತರ ಬರಲಿ, ಬರದಿರಲಿ, ಎರಡನ್ನೂ ನಾನು ಒಂದೇ ಅರ್ಥದಲ್ಲಿ ತೆಗೆದುಕೊಳ್ಳುತ್ತೇನೆ.

ನಿನ್ನ ಗೆಳೆಯನಾಗಿದ್ದ
ಶಿವಶಂಕರ್


ಶ್ರೀರಂಗಪಟ್ಟಣ
6-11-2024

ಶಿವ,

ತನುಶ್ರೀ ಕಾಲು ಹೇಗಿದೆ? ಇದೊಂದನ್ನು ಕೇಳಲೆಂದೇ ಆಸ್ಪತ್ರೆಗೆ ಬಂದಿದ್ದೆ. ನೀನು ವಾರ್ಡಿನ ಬಾಗಿಲಿಗೆ ಅಡ್ಡ ನಿಂತು, "ಯಾಕ್ಲಾ ಬಂದೆ, ಸತ್ಲೋ ಬದುಕವ್ಳೋ ನೋಡಾಕಾ?" ಎಂದೆ. ತಂದಿದ್ದ ಎಳನೀರನ್ನು ವಾಚ್‌ಮನ್ ಕೈಗೆ ಕೊಟ್ಟು ಬಸ್ ಹತ್ತಿದೆ. ಅವಳಿಗೆ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ.

ನಾನು ಹಾಕಿದ ಸಾಮಾನೆಲ್ಲ ಅಸಲಿ. ಪ್ಯಾಕೆಟ್ ಒಡೆದದ್ದು ನಿನ್ನ ಕಣ್ಣೆದುರಿಗೆ. ಆಯಿಲ್ ಸೀಲ್ ಬಾಟಲಿಯದು. ಎಮ್ಮೆ ಗುಮ್ಮಿ ಮುರಿದ ನಿನ್ನ ಎಡಗೈಗೆ ಹಳೇ ಕ್ಲಚ್ ಎಳೆಯಲು ಆಗುತ್ತಿಲ್ಲ ಎಂದು ಗೋಳಾಡುತ್ತಿದ್ದೆ. ಅದಕ್ಕೆ ಕ್ಲಚ್ಚನ್ನೂ ಆಯಿಲ್ ಒತ್ತಡದ್ದು ಮಾಡಿದೆ. ಬ್ರೇಕಿಗೂ ಕ್ಲಚ್ಚಿಗೂ ಹುಯ್ದದ್ದು ಒಂದೇ ಬಾಟಲಿಯಿಂದ.

ಒಂದು ಪ್ರಶ್ನೆಗೆ ಉತ್ತರ ಬೇಕು. ಕುರಿ ಮಂದೆ ಕಂಡು ಬ್ರೇಕ್ ಹಿಡಿದೆಯಲ್ಲ, ಆಗ ಲಿವರ್ ಕೈಗೆ ಹೇಗೆ ಸಿಕ್ಕಿತು? ಸ್ಪಂಜಿನಂತೆ ಮೆತ್ತಗಾಗಿ ಹ್ಯಾಂಡಲಿಗೇ ಬಂದು ಅಂಟಿತಾ, ಗಟ್ಟಿಯಾಗಿ ನಿಂತಿತಾ? ಯೋಚಿಸಿ ಬರೆ. ಸಿಟ್ಟಿನಲ್ಲಿ ಬರೆಯಬೇಡ.

ಸಹಿ ಕೇಳಿದ್ದೆ, ಹಾಕಿದ್ದೇನೆ.

ಪುಟ್ಟರಾಜು


ಶೀಳನೆರೆ
2-12-2024

ಪುಟ್ಟರಾಜು,

ನಿನ್ನ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಹೌದು ಎಂದರೆ ಎಲ್ಲಿ ಸಿಕ್ಕಿಬೀಳುತ್ತೇನೆ, ಇಲ್ಲ ಎಂದರೆ ಎಲ್ಲಿ ಸಿಕ್ಕಿಬೀಳುತ್ತೇನೆ ಎಂದು ತಿಂಗಳಿಡೀ ಯೋಚಿಸಿದೆ. ನೀನು ಸುಮ್ಮನೆ ಕೇಳುವವನಲ್ಲ. ಆದರೂ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಸುಳ್ಳು ಹೇಳುವ ದರ್ದು ನನಗಿಲ್ಲ. ಲಿವರ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಿಡಿದ ಹಿಡಿತಕ್ಕೆ ಬೆರಳು ನೊಂದವು. ಗಾಡಿ ಮಾತ್ರ ಜಾರಿಕೊಂಡು ಹೋಗುತ್ತಲೇ ಇತ್ತು.

ಈಗ ನನ್ನದೊಂದು ಪ್ರಶ್ನೆ. ಈ ಬುಲೆಟ್ಟನ್ನು ನನಗೆ ಕೊಟ್ಟುಬಿಡು ಎಂದು ನೀನು ಎಷ್ಟು ಸಲ ಕೇಳಿಲ್ಲ? ದೊಡ್ಡಪ್ಪನ ತಿಥಿಯ ದಿನವೂ ಎಲೆ ಎತ್ತುವ ಮೊದಲೇ ಕೇಳಿದ್ದೆ. ಬಿದ್ದು ಜಜ್ಜಿಹೋದ ಗಾಡಿ ಗುಜರಿ ರೇಟಿಗೆ ಬರುತ್ತದೆ ಎಂದು ಲೆಕ್ಕ ಹಾಕಿದ್ದೆಯಾ? ಹೀಗೆ ಬರೆಯಲು ನನಗೂ ಕಷ್ಟವಾಗುತ್ತದೆ. ಆದರೆ ನಿದ್ದೆ ಬರದೆ ಮಲಗಿದಾಗ ಇದೇ ತಲೆಗೆ ಬರುತ್ತದೆ.

ಅಪ್ಪ ನಿನ್ನ ಹೆಸರೆತ್ತಿದರೆ ಉರಿದುಬೀಳುತ್ತಾರೆ. "ಮನೆ ಮಗನಂಗೆ ಇದ್ದೋನು ಮನೆಗೇ ಬೆಂಕಿ ಇಕ್ದ, ಅವನ ಕೈ ಸೇದೋಗ" ಎನ್ನುತ್ತಾರೆ. ಆಯುಧ ಪೂಜೆಗೆ ಅವರೇ ಕೂತು ಗಾಡಿ ತೊಳೆದು, ಒರೆಸಿ, ಪೂಜೆ ಮಾಡಿದ್ದರು. ಆ ಪುಣ್ಯದಿಂದಲೇ ನಾವು ಜೀವಸಹಿತ ಉಳಿದೆವಂತೆ. ಪೇಟೆಯಲ್ಲಿ, ಮಾಕವಳ್ಳಿಯಲ್ಲಿ, ಸಿಕ್ಕ ಸಿಕ್ಕವರಿಗೆಲ್ಲ ನಿನ್ನ ಕೆಲಸದ ಬಗ್ಗೆ ಹೇಳಿದ್ದೇನೆ. ಮುಚ್ಚಿಡುವುದಿಲ್ಲ.

ಶಿವಶಂಕರ್


ಶ್ರೀರಂಗಪಟ್ಟಣ
20-12-2024

ಶಿವ,

ನೀನು ಹೇಳಿದ್ದು ಇಲ್ಲಿಗೂ ಬಂದು ಮುಟ್ಟಿದೆ. ಬಿಚ್ಚಿಟ್ಟಿದ್ದ ಗಾಡಿಗಳನ್ನು ಹಾಗೆಯೇ ಟೆಂಪೋಗೆ ಹಾಕಿಕೊಂಡು ಹೋಗುತ್ತಿದ್ದಾರೆ. ಪಾಂಡವಪುರದ ರಂಗಸ್ವಾಮಿ, ನನ್ನ ಕೈಯಲ್ಲೇ ಮೂರು ಗಾಡಿ ಕಟ್ಟಿಸಿಕೊಂಡವನು, ರಸ್ತೆಯ ಆ ಬದಿಯಲ್ಲಿ ನಡೆದು ಹೋದ. ಗ್ಯಾರೇಜಿನ ಬಾಗಿಲು ತೆಗೆದು ಕೂರುವುದು, ಸಂಜೆ ಹಾಕುವುದು, ಇಷ್ಟೇ ಕೆಲಸ. ಹೀಗೇ ಆದರೆ ಯುಗಾದಿ ಹೊತ್ತಿಗೆ ಬೀಗ ಜಡಿಯಬೇಕು.

ಸಿಟ್ಟನ್ನು ಅತ್ತ ಇಟ್ಟು ಕೇಳು. ಆಯಿಲ್ ಕೆಟ್ಟದ್ದಾಗಿದ್ದರೆ, ಪೈಪಿನಲ್ಲಿ ಗಾಳಿ ಇದ್ದಿದ್ದರೆ, ಎಲ್ಲಾದರೂ ಸೋರಿದ್ದರೆ, ಲಿವರ್ ಮೆತ್ತಗಾಗಿ ಹ್ಯಾಂಡಲಿಗೆ ಬಂದು ಅಂಟುತ್ತಿತ್ತು. ಕಲ್ಲಿನಂತೆ ಗಟ್ಟಿ ಇತ್ತು ಎಂದು ನೀನೇ ಬರೆದಿದ್ದೀಯ. ಅಂದಮೇಲೆ ನಿನ್ನ ಕೈಯ ಬಲ ಕೆಳಗೆ ಡಿಸ್ಕನ್ನು ಎರಡೂ ಕಡೆಯಿಂದ ಅಮುಕುವ ಪ್ಯಾಡ್‌ವರೆಗೆ ಸರಿಯಾಗಿಯೇ ಹೋಗಿದೆ. ಇನ್ನೊಂದು, ಅದೇ ಬಾಟಲಿಯ ಆಯಿಲ್ ಕ್ಲಚ್ಚಿನಲ್ಲೂ ಇದೆ. ಬಿದ್ದ ಮೇಲೆ ಗಾಡಿಯನ್ನು ಗೇರ್ ಹಾಕಿಕೊಂಡೇ ಮನೆಗೆ ತಂದಿರಂತೆ. ಕ್ಲಚ್ ಕೆಲಸ ಮಾಡಿತು ತಾನೇ? ಡೂಪ್ಲಿಕೇಟ್ ಆಯಿಲ್ ಕ್ಲಚ್ಚಿಗೊಂದು ನ್ಯಾಯ, ಬ್ರೇಕಿಗೊಂದು ನ್ಯಾಯ ಮಾಡುತ್ತದಾ?

ಪ್ಯಾಡ್ ಒತ್ತಿದೆ, ಆದರೆ ಡಿಸ್ಕನ್ನು ಕಚ್ಚಿಲ್ಲ. ಯಾಕೆ ಎಂದು ನೋಡಬೇಕು. ಲೋಕೇಶ ಬಿಚ್ಚಿದ ಆ ಎರಡು ಪ್ಯಾಡ್ ನನಗೆ ಕಳಿಸು.

ಒಂದು ಮಾತು ಬರೆಯಬಾರದೆಂದಿದ್ದೆ, ಬರೆಯುತ್ತೇನೆ. ಶೀಳನೆರೆಯಲ್ಲಿ ನಿಮ್ಮ ಮನೆ ಊರ ನಡುವೆ, ನಮ್ಮದು ಊರ ಹೊರಗೆ. ಪಾಂಡವಪುರದ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡು ಅದನ್ನು ಮರೆತಿದ್ದೆವು ಎಂದುಕೊಂಡಿದ್ದೆ. ಇದೇ ಕೆಲಸವನ್ನು ಲೋಕೇಶ ಮಾಡಿದ್ದರೆ ನೀನು ಬೈಯುವ ಮುಂಚೆ ಕೇಳುತ್ತಿದ್ದೆ. ನನ್ನನ್ನು ಬೈದಾದ ಮೇಲೆ ಕೇಳಿದೆ.

ಪುಟ್ಟರಾಜು


ಶೀಳನೆರೆ
17-1-2025

ಪುಟ್ಟರಾಜು,

ನೀನು ಕೊನೆಯಲ್ಲಿ ಬರೆದದ್ದನ್ನು ಓದಿದೆ. ಅದಕ್ಕೆ ಉತ್ತರ ಕಾಗದದಲ್ಲಿ ಬರೆಯುವಂಥದ್ದಲ್ಲ.

ಪ್ಯಾಡ್ ಕಳಿಸಿದ್ದೇನೆ. ಒಂದನ್ನು ಮಾತ್ರ. ಎರಡನ್ನೂ ಕಳಿಸಿ, ನೀನು ಕಾವೇರಿಗೆ ಎಸೆದು "ನನ್ಗೇನೂ ಬರ್ನೇ ಇಲ್ಲ" ಎಂದರೆ ನಾನು ಯಾರನ್ನು ಕೇಳಲಿ? ಇನ್ನೊಂದನ್ನು ಲೋಕೇಶ ಕಟ್ಟಿಕೊಟ್ಟ ಕವರಿನಲ್ಲೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಉಡಿದಾರದಲ್ಲಿದೆ. ತನುಶ್ರೀಗೂ ಕೊಟ್ಟಿಲ್ಲ.

ಸಂಕ್ರಾಂತಿಗೆ ಅವಳು ಎಳ್ಳು ಬೀರಲು ಹೋಗಲಿಲ್ಲ. ಕೋಲು ಊರಿಕೊಂಡು ಬಾಗಿಲವರೆಗೆ ಬಂದು, ದನ ಕಿಚ್ಚು ಹಾಯುವ ಗದ್ದಲ ಕೇಳಿಸಿಕೊಂಡು ಒಳಗೆ ಹೋದಳು. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ನೀನು ಪ್ಯಾಡ್ ಕೈಯಲ್ಲಿ ಹಿಡಿದಾಗ ಇದೂ ನಿನ್ನ ನೆನಪಿನಲ್ಲಿರಲಿ ಎಂದು.

ಶಿವಶಂಕರ್


ಶ್ರೀರಂಗಪಟ್ಟಣ
30-1-2025

ಶಿವ,

ಪ್ಯಾಡ್ ಸಿಕ್ಕಿತು. ನೋಡಿದೆ. ಬ್ಲೋ ಲ್ಯಾಂಪಿನ ಉರಿಯಲ್ಲಿ ಕಾಯಿಸಿದೆ. ನಿಲ್ಲದೆ ಇರಲು ಕಾರಣ ಗೊತ್ತಾಯಿತು.

ನಾನು ಬರೆದರೆ ನೀನು ನಂಬುವುದಿಲ್ಲ. ನಾನೇ ಏನೋ ಸವರಿ ಕತೆ ಕಟ್ಟಿದೆ ಎನ್ನುತ್ತೀಯ. ಆದ್ದರಿಂದ ಬರೆಯುವುದಿಲ್ಲ. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೀಯಲ್ಲ, ನನ್ನ ಕೈ ಸೋಕದ ಆ ಇನ್ನೊಂದು ಪ್ಯಾಡ್, ಅದನ್ನು ತೆಗೆ. ಇಕ್ಕಳದಲ್ಲಿ ಹಿಡಿದು ಒಲೆಯ ಮೇಲೆ ಕಾಯಿಸು. ಆಮೇಲೆ ಮೂಸಿ ನೋಡು.

ಮನೆಯಲ್ಲಿ ಅಪ್ಪ ಇಲ್ಲದ ಹೊತ್ತು ನೋಡಿ ಕಾಯಿಸು. ಇಷ್ಟು ಮಾತ್ರ ನನ್ನ ಮಾತು ಕೇಳು.

ನಿನ್ನ
ಪುಟ್ಟರಾಜು


ಶೀಳನೆರೆ
12-4-2025

ಪುಟ್ಟರಾಜಣ್ಣನವರಿಗೆ ತನುಶ್ರೀಯ ನಮಸ್ಕಾರ.

ಇವರು ಬರೆಯುತ್ತಾರೆ ಎಂದು ಇಷ್ಟು ದಿನ ಕಾದೆ. ಬರೆಯುವ ಹಾಗೆ ಕಾಣಲಿಲ್ಲ. ನಿಮ್ಮ ಕಾಗದಗಳನ್ನೆಲ್ಲ ನಾನು ಓದಿದ್ದೇನೆ. ಎಳನೀರು ನನಗೆ ಮುಟ್ಟಿತ್ತು.

ನಿಮ್ಮ ಹಿಂದಿನ ಕಾಗದ ಬಂದ ಮೇಲೆ, ಮಾವ ಡೈರಿಗೆ ಹಾಲು ಹಾಕಲು ಹೋಗಿದ್ದಾಗ ಇವರು ಬೀರು ತೆಗೆದರು. ಗ್ಯಾಸ್ ಒಲೆಯ ಮೇಲೆ ಪ್ಯಾಡ್ ಹಿಡಿದರು. ಸ್ವಲ್ಪ ಹೊತ್ತಿಗೆ ಅದು ಬೆವರಿತು. ಅಡಿಗೆಮನೆ ತುಂಬ ಹರಳೆಣ್ಣೆ ವಾಸನೆ. ಅಂಗಡಿ ಎಣ್ಣೆಯದಲ್ಲ, ನಮ್ಮ ಮನೆಯಲ್ಲಿ ಹುರಿದು, ಕುಟ್ಟಿ, ಕಾಯಿಸುವ ಎಣ್ಣೆಯದು. ಇವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಆಯುಧ ಪೂಜೆಯ ದಿನ ಮಾವ ಹಾರೆ, ಗುದ್ದಲಿ, ಕುಡುಗೋಲು ಎಲ್ಲ ತೊಳೆದು ಸಾಲಾಗಿ ಜೋಡಿಸಿ ಎಣ್ಣೆ ಸವರುತ್ತಿದ್ದರು. ನಿಮಗೆ ಗೊತ್ತಲ್ಲ, ಆ ದಿನ ಮನೆಯ ಯಾವ ಕಬ್ಬಿಣವೂ ಒಣಗಿರಬಾರದು ಅವರಿಗೆ. ಮೊದಲು ಡ್ರಮ್ ಇದ್ದಾಗ ಬ್ರೇಕ್ ಎಲ್ಲ ಒಳಗೇ ಮುಚ್ಚಿಕೊಂಡಿತ್ತು. ಈಗ ಡಿಸ್ಕು ಚಕ್ರದ ಪಕ್ಕದಲ್ಲಿ ಅಷ್ಟಗಲ ಹೊಳೆಯುತ್ತಿತ್ತು. "ಈ ತಟ್ಟೆ ನೋಡವ್ವ, ಎಂಗದೆ! ಒಂದ್ಮಳೆಗೆ ತುಕ್ಕಿಡ್ಕಂಬುಡ್ತದೆ" ಎಂದು ಬಟ್ಟೆ ಅದ್ದಿ ಅದ್ದಿ ಎರಡೂ ಕಡೆ ಸವರಿದರು. ಎಣ್ಣೆ ಬಟ್ಟಲು ಹಿಡಿದು ನಿಂತಿದ್ದವಳು ನಾನೇ. ಅದೇ ಬ್ರೇಕ್, ಎಣ್ಣೆ ತಾಗಿದರೆ ಜಾರುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಅತ್ತೆ ಇಲ್ಲದ ಮನೆ. ನನಗೆ ಬಿಸಿನೀರು ಕಾಯಿಸಿಕೊಡುವವರು ಮಾವ. ಕಾಲಿಗೆ ಅದೇ ಎಣ್ಣೆ ಬಿಸಿ ಮಾಡಿ ತಂದಿಟ್ಟು, "ಹಚ್ಕಳವ್ವ, ನೋವು ಎಳ್ಕತದೆ" ಎನ್ನುವವರೂ ಅವರೇ. ಪೂಜೆಯಲ್ಲಿ ಏನೋ ಕೊರತೆಯಾಯಿತು, ಅದಕ್ಕೇ ಹೀಗಾಯಿತು ಎಂದು ಕೊರಗುತ್ತಾರೆ. ಈ ಸಲ ಇನ್ನೂ ಚೆನ್ನಾಗಿ ಎಣ್ಣೆ ಕಾಣಿಸುತ್ತಾರಂತೆ. ಗಾಡಿ ಕೊಟ್ಟಿಗೆಯಲ್ಲಿದೆ. ಅವರ ಕಣ್ಣು ಆ ತಟ್ಟೆಯ ಮೇಲೇ ಇದೆ.

ಅಣ್ಣಾ, ಹಳೇ ಡ್ರಮ್ಮನ್ನೇ ವಾಪಸ್ ಹಾಕಿಕೊಡಿ. ಹೊಳೆಯುವುದು ಕಣ್ಣಿಗೆ ಬೀಳದಿದ್ದರೆ ಅವರು ಸವರುವುದಿಲ್ಲ, ನಾವು ಬೇಡ ಎನ್ನಬೇಕಾಗಿಲ್ಲ, ಯಾಕೆ ಬೇಡ ಎಂದು ಅವರು ಕೇಳುವುದಿಲ್ಲ. ನಿಮ್ಮ ಹೆಸರು ಕೆಟ್ಟಿರುವುದು ಗೊತ್ತಿದ್ದೂ ಕೇಳುತ್ತಿದ್ದೇನೆ. ಬೈಯುವುದಾದರೆ ನನ್ನನ್ನು ಬೈಯಿರಿ.

ನಿಮ್ಮ ತಂಗಿಯಂಥವಳು
ತನುಶ್ರೀ


ಶ್ರೀರಂಗಪಟ್ಟಣ
25-4-2025

ಶಿವ,

ತನುಶ್ರೀ ಬರೆದಿದ್ದಾಳೆ. ಅವಳೇ ಬರೆದಳಾ, ನೀನು ಕೂತು ಬರೆಸಿದೆಯಾ ಎಂದು ನಾನೂ ಎರಡೆರಡು ಸಲ ಓದಿದೆ. ನೋಡು, ನಿನ್ನ ಕಾಯಿಲೆ ನನಗೂ ಅಂಟಿತು.

ಡ್ರಮ್ ಹಾಕುವುದಿಲ್ಲ. ನಾನು ಕೂರಿಸಿದ ಡಿಸ್ಕನ್ನು ನಾನೇ ಕಿತ್ತು ಡ್ರಮ್ ಹಾಕಿದರೆ ಪೇಟೆಯಲ್ಲಿ ಏನೆನ್ನುತ್ತಾರೆ? "ನೋಡ್ದಾ, ತಪ್ಪು ಒಪ್ಕಂಡು ಕಿತ್ತಾಕ್ದ." ಅಲ್ಲಿಗೆ ಮುಗಿಯಿತು. ಆಮೇಲೆ ಸೈಕಲ್ ಪಂಕ್ಚರ್ ಹಾಕಿಸಲೂ ನನ್ನ ಹತ್ತಿರ ಯಾರೂ ಬರುವುದಿಲ್ಲ.

ನಿಮ್ಮಪ್ಪನ ಹೆಸರನ್ನು ಎತ್ತು ಎಂದು ನಾನು ಕೇಳುತ್ತಿಲ್ಲ. ಎತ್ತಬೇಕೆಂದಿದ್ದರೆ ಜನವರಿಯಲ್ಲೇ ಎತ್ತುತ್ತಿದ್ದೆ. ಆ ಎಣ್ಣೆಯ ವಾಸನೆ ನನಗೆ ತಿಳಿಯದ್ದಾ? ನಿಮ್ಮ ಮನೆಯ ಹರಳು ಕುಟ್ಟಿ ಬಂದ ಅವ್ವನ ಸೀರೆಯಲ್ಲಿ ಅದೇ ವಾಸನೆ ಇರುತ್ತಿತ್ತು. ಲೋಕೇಶನ ಅಂಗಡಿ ಮುಂದೆ ನಿಂತು, "ಪುಟ್ಟರಾಜು ಕಟ್ಟಿದ ಬ್ರೇಕು ಸರಿಯಾಗಿತ್ತು" ಎಂದು ಒಂದೇ ಒಂದು ಮಾತು ಹೇಳು. ನನ್ನನ್ನು ಬೈದದ್ದು ಅಲ್ಲೇ ತಾನೇ? ಅಲ್ಲೇ ಹೇಳು.

ಪುಟ್ಟರಾಜು


ಶೀಳನೆರೆ
8-7-2025

ಪುಟ್ಟ,

ಲೋಕೇಶನ ಅಂಗಡಿಗೆ ಹೋಗಿದ್ದೆ. ಮಾತು ಬಾಯಿಗೆ ಬಂದಿತ್ತು. "ಸರಿಯಾಗಿತ್ತು ಅಂದ್ರೆ ಮತ್ಯಾಕಣ್ಣ ನಿಲ್ನಿಲ್ಲ?" ಎಂದು ಅವನು ಕೇಳಿಯೇ ಕೇಳುತ್ತಾನೆ. ಆಗ ಏನೆನ್ನಲಿ? ನಾನು ಏನು ಹೇಳಿದರೂ ಸಂಜೆಯೊಳಗೆ ಅದು ಊರಿಗೆ ಬರುತ್ತದೆ, ಅಪ್ಪ ಡೈರಿಯ ಸಾಲಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ. ಟೀ ಕುಡಿದು ವಾಪಸ್ ಬಂದೆ. ಹೇಡಿ ಅನ್ನು, ಒಪ್ಪುತ್ತೇನೆ.

ಅಪ್ಪ ಬೆಳಿಗ್ಗೆ ಎದ್ದು ಮೊದಲು ನೋಡುವುದು ತನುಶ್ರೀ ಕಾಲನ್ನು. ಅದನ್ನು ಮುರಿದದ್ದು ತನ್ನ ಕೈ ಎಂದು ಗೊತ್ತಾದರೆ ಆ ಮುದಿ ಜೀವ ಉಳಿಯುತ್ತದಾ? ನಿಮ್ಮಪ್ಪ ಚಿಕ್ಕಮಾದಯ್ಯ ಬದುಕಿದ್ದು ಹೀಗೆ ಮಾಡಿದ್ದರೆ ನೀನೇನು ಮಾಡುತ್ತಿದ್ದೆ?

ಈ ಕಾಗದವನ್ನು ಓದಿ ಹರಿದುಹಾಕು. ಯಾರಿಗಾದರೂ ತೋರಿಸಿದೆ ಎಂದು ಗೊತ್ತಾದರೆ... ಬೇಡ ಬಿಡು. ನೀನು ತೋರಿಸುವವನಲ್ಲ. ಅದು ನನಗೆ ಮೊದಲೇ ಗೊತ್ತಿರಬೇಕಿತ್ತು.

ಶಿವ


ಶ್ರೀರಂಗಪಟ್ಟಣ
27-9-2025

ಶಿವ,

ನಿಮ್ಮಪ್ಪನವರು ಇಲ್ಲಿದ್ದಾರೆ. ಗಾಬರಿಯಾಗಬೇಡ, ಚೆನ್ನಾಗಿದ್ದಾರೆ. ಬಿಂಡಿಗನವಿಲೆಗೆ, ಬೀಗರ ಮನೆಗೆ ಎಂದು ನಿಮಗೆ ಹೇಳಿ ಹೊರಟವರು ಪಾಂಡವಪುರದಲ್ಲಿ ಬಸ್ ಬದಲಿಸಿ ಇಲ್ಲಿ ಬಂದು ಇಳಿದಿದ್ದಾರೆ. ಕಂಕುಳಲ್ಲಿ ಒಂದು ಚೀಲ, ಚೀಲದಲ್ಲಿ ಹರಳೆಣ್ಣೆ ಬಾಟಲಿ.

ನೀವು ಯಾರೂ ಅವರಿಗೆ ಹೇಳಲಿಲ್ಲವಂತೆ. ನೀವು ಹೇಳದೆ ಇದ್ದದ್ದರಿಂದಲೇ ಗೊತ್ತಾಯಿತಂತೆ. "ಹಬ್ಬ ಬಂತು ಅಂತ ಎಣ್ಣೆ ಬಟ್ಲು ತಗಂಡು ಕೊಟ್ಟಿಗೆಗೆ ವೋದೆ ಕಣ್ಲಾ. ಶಿವ ಹಾವು ತುಳ್ದೋನಂಗೆ ಬೆಚ್ಚಿ, 'ಆ ತಟ್ಟೆ ಮುಟ್ಬ್ಯಾಡ' ಅಂತ ಕೂಗ್ದ. ಸೊಸೆ ಕುಂಟ್ಕಂಡು ಓಡ್ಬಂದು ನನ್ನ ಕೈಯಿಂದ ಬಟ್ಲು ಕಿತ್ಕಂಡ್ಲು. ಆ ಕಾಲಲ್ಲಿ ಓಡ್ಬಂದ್ಲು ಕಣ್ಲಾ! ಇಬ್ರೂ ನನ್ ಮೊಕ ನೋಡ್ನಿಲ್ಲ. ನಾನು ಮುದ್ಕ ಆಗಿರ್ಬೋದು, ದಡ್ಡ ಅಲ್ಲ." ಹೀಗೆಂದರು. ಆಮೇಲೆ, "ದಿಟ ಏಳು, ಎಣ್ಣೆಯಿಂದ್ಲೇ ತಾನೆ?" ಎಂದು ಕೇಳಿದರು. ಸುಳ್ಳು ಹೇಳೋಣ ಎಂದುಕೊಂಡೆ. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಹೌದು ಗೌಡ್ರೇ ಎಂದೆ.

ಅಷ್ಟೊತ್ತಿಗೆ ಮುದ್ದಯ್ಯ ಎನ್ನುವವನು ಗಾಡಿ ವಾಪಸ್ ಕೇಳಲು ಬಂದ. ನಿಮ್ಮಪ್ಪ ಎದ್ದು ಅವನ ಕೈ ಹಿಡಿದು ಕೂರಿಸಿದರು. "ಕೂತ್ಕಳಪ್ಪ. ಇವ್ನು ಕಟ್ಟಿದ್ ಬ್ರೇಕು ಸರಿಯಾಗೇ ಇತ್ತು. ಎಣ್ಣೆ ಸವ್ರಿದ್ದು ನಾನು. ನನ್ ಸೊಸೆ ಕಾಲು ಮುರ್ದಿದ್ದು ನಾನು. ಬೈದಿದ್ದು ಇವ್ನನ್ನ" ಎಂದರು. ಸಾಕು ಬಿಡಿ ಎಂದು ಕೈ ಮುಗಿದೆ. ಬಿಡಲಿಲ್ಲ. ಬಾಗಿಲಿಗೆ ಸ್ಟೂಲ್ ಹಾಕಿಕೊಂಡು, ಬಂದವರಿಗೆಲ್ಲ, ಟೀ ತಂದವನಿಗೂ ಅದನ್ನೇ ಹೇಳಿದರು. ರಸ್ತೆಯ ಆ ಬದಿಯಲ್ಲಿ ಹೋಗುತ್ತಿದ್ದ ರಂಗಸ್ವಾಮಿಯನ್ನೂ ಕೂಗಿ ಕರೆದು ಹೇಳಿದರು. ನನಗೆ ಸಂತೋಷವಾಗಬೇಕಿತ್ತು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಕೊಂಡೆ.

ಮಧ್ಯಾಹ್ನ ಗ್ಯಾರೇಜಿನ ಹಿಂದಿನ ನಮ್ಮ ಮನೆಯೊಳಕ್ಕೆ ಬಂದು ಕೂತರು. ಒಳಕ್ಕೆ, ಶಿವ. ಅವ್ವ ಬಡಿಸಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದಳು. "ಇಕ್ಕು ಮಂಗಳಮ್ಮ, ಹೊಟ್ಟೆ ಹಸ್ದದೆ" ಎಂದರು. ಎರಡು ಮುದ್ದೆ ಉಂಡರು. ನಿಮ್ಮ ಮನೆಯ ಹರಳು ಕುಟ್ಟಿ ಕೈ ಸವೆಸಿದವಳು, ಅಡಿಗೆಮನೆಗೆ ಹೋಗಿ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಈಗ ಮನೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾರೆ. "ಆ ಮಗೀಗೆ ಎಂಗ್ಲಾ ಮೊಕ ತೋರ್ಸ್ಲಿ?" ಎಂದು ಒಂದೇ ಸಮನೆ ಕೇಳುತ್ತಾರೆ. ಅದಕ್ಕೆ ಉತ್ತರ ತನುಶ್ರೀ ಹತ್ತಿರವೇ ಇರಬೇಕು. ಬುಲೆಟ್ಟನ್ನು ಟೆಂಪೋದಲ್ಲಿ ಹಾಕಿಕೊಂಡು, ಅವಳನ್ನೂ ಮುಂದೆ ಕೂರಿಸಿಕೊಂಡು ಬಾ. ಡಿಸ್ಕ್ ತೊಳೆದು ಹೊಸ ಪ್ಯಾಡ್ ಹಾಕುತ್ತೇನೆ. ಮೊದಲ ಸವಾರಿಗೆ ನಿನ್ನ ಹಿಂದೆ ಕೂರುವುದು ತಾನೇ ಎಂದು ನಿಮ್ಮಪ್ಪ ಹೇಳಿದ್ದಾರೆ.

ಈ ಕಾಗದವನ್ನು ಪೇಟೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬೆಳಿಗ್ಗೆಯಿಂದ ನಿನಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಮೊದಲು ಆ ಬ್ಲಾಕ್ ತೆಗಿ ಮಾರಾಯ. ನಿಮ್ಮಪ್ಪ ನನ್ನ ಫೋನ್ ಹಿಡಿದುಕೊಂಡು ಕೂತಿದ್ದಾರೆ.

ಪುಟ್ಟ